ಅತ್ತಿಗೆಯ ಗುಳಿರೋಗ

ನನ್ನ ಅತ್ತಿಗೆ ಹಾಸಿಗೆ ಹೊಲಿಯುವವಳು. ಹೀಗೆಂದ ಕೂಡಲೇ ಜನ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸನ್ನು ಕಲ್ಪಿಸಿಕೊಳ್ಳುತ್ತಾರೆ. ಅವಳಿಗೆ ಯಂತ್ರ ಕಂಡರಾಗದು. ಅವಳದು ದಬ್ಬಣದ ಕೆಲಸ. ಗೇಣುದ್ದದ ಉಕ್ಕಿನ ದಬ್ಬಣ, ಮೇಣ ಸವರಿದ ದಪ್ಪ ದಾರ, ಅಂಗೈಗೆ ಸುತ್ತಿಕೊಂಡ ಚರ್ಮದ ಪಟ್ಟಿ, ಇಷ್ಟೇ ಅವಳ ಸಲಕರಣೆ. ಮರದ ಚೌಕಟ್ಟಿಗೇರಿಸಿದ, ಹತ್ತಿ ತುಂಬಿದ ಹಾಸಿಗೆಯ ಮೇಲೆ ಮಂಡಿಯೂರಿ, ಮೈಭಾರವನ್ನೆಲ್ಲ ಹಾಕಿ ಒತ್ತಿ, ದಬ್ಬಣವನ್ನು ಕೆಳಕ್ಕೆ ಇಳಿಸುತ್ತಾಳೆ. ಕೆಳಗಿನಿಂದ ಜೊತೆಗಾತಿ ಅದನ್ನು ತಿರುಗಿಸಿ ಕೊಟ್ಟಾಗ ಉಸಿರು ಬಿಗಿಹಿಡಿದು ದಾರ ಎಳೆದು ಗಂಟು ಹಾಕುತ್ತಾಳೆ. ಗಂಟು ಬಿದ್ದ ಕಡೆ ಬಟ್ಟೆ ಒಳಕ್ಕೆ ಹೋಗಿ ಒಂದು ತಗ್ಗಾಗುತ್ತದೆ. ಅವರ ಕಸುಬಿನಲ್ಲಿ ಅದಕ್ಕೆ ಗುಳಿ ಎನ್ನುತ್ತಾರೆ.

ಗುಳಿ ಆಳವಾಗಿ, ಸಾಲಾಗಿ, ಒಂದೇ ಅಳತೆಗೆ ಬಿದ್ದರೆ ಒಳಗಿನ ಹತ್ತಿ ಜರುಗದೆ ವರ್ಷಗಟ್ಟಲೆ ನಿಲ್ಲುತ್ತದೆಯಂತೆ. ಇಲ್ಲದಿದ್ದರೆ ಆರು ತಿಂಗಳಲ್ಲಿ ಹತ್ತಿಯೆಲ್ಲ ಕಾಲದೆಸೆಗೆ ಸೇರಿ ಹಾಸಿಗೆ ಮೂಟೆಯಾಗುತ್ತದೆ. ಅವಳು ದುಡಿಯುವ ಹಾಸಿಗೆ ಕಾರ್ಖಾನೆಯ ಹೆಂಗಸರು ಅವಳನ್ನು ದಬ್ಬಣದಮ್ಮ ಎಂದು ಕರೆಯುವುದು ಪ್ರೀತಿಗೂ ಹೌದು, ಹೆದರಿಕೆಗೂ ಹೌದು. ಯಾರದಾದರೂ ಗಂಟು ಸಡಿಲವಾಗಿ ಕಂಡರೆ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಆ ದಾರವನ್ನು ಕತ್ತರಿಸಿ ಅವರ ಕೈಗೇ ಕೊಟ್ಟು ಮುಂದೆ ಹೋಗುತ್ತಾಳೆ.

ಅಣ್ಣ ಅವಳನ್ನು ಮದುವೆಯಾಗಿ ಮನೆಗೆ ಕರೆತಂದಾಗ ನನಗೆ ಹನ್ನೊಂದು ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕಳಿಸಿ, ಬೈದು, ಮುದ್ದು ಮಾಡಿ ದೊಡ್ಡವಳನ್ನಾಗಿ ಮಾಡಿದವಳು ಇವಳೇ. ಈಗ ನನಗೆ ನಲವತ್ತೆರಡು ದಾಟಿದೆ, ಅವಳ ಬಾಯಲ್ಲಿ ನಾನಿನ್ನೂ ‘ಹುಡುಗಿ’. ಅವಳು ಓದಿದ್ದು ಏಳನೇ ತರಗತಿ. ಆದರೆ ನಾನು ಬರೆದದ್ದನ್ನೆಲ್ಲ ಓದಿದವರು ಈ ಲೋಕದಲ್ಲಿ ಅವಳೊಬ್ಬಳೇ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲುಗಿಸುತ್ತ, ನಿಧಾನವಾಗಿ ಓದುತ್ತಾಳೆ. ನಾನೊಂದು ಚರ್ಮದ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂರುವವಳು. ಹೆಸರು ಬರೆದುಕೊಳ್ಳುವುದು, ಫೋನೆತ್ತುವುದು, ಅದರ ಜೊತೆಗೆ ಕ್ಲಿನಿಕ್ಕಿನ ಕರಪತ್ರ, ಫಲಕಗಳನ್ನು ನಮ್ಮ ಭಾಷೆಗೆ ತರುವುದು ನನ್ನ ಕೆಲಸ. ಅದನ್ನೂ ಅತ್ತಿಗೆ ಬಿಡುವುದಿಲ್ಲ. ಕೂದಲು ಉದುರುವುದರ ಬಗ್ಗೆ ನಾನು ಬರೆದದ್ದನ್ನು ಓದಿ ಮುಗಿಸಿ, “ಚೆನ್ನಾಗಿದೆ ಕಣೆ, ಆದ್ರೆ ಕೊನೆಗೆ ಏನಾಯ್ತು?” ಎಂದು ಕೇಳಿದ್ದಳು.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಮೂವತ್ತು ವರ್ಷ ಮಂಡಿಯೂರಿ ಕೂತವಳ ಮಂಡಿ ಇನ್ನೇನು ಮಾಡೀತು? ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, ಎರಡು ಮೂಳೆಗಳ ನಡುವಿನ ಮೆತ್ತೆ ಸವೆದಿದೆ ಎಂದರು. ಮೆತ್ತೆ ಎಂಬ ಮಾತು ಕೇಳಿ ಅತ್ತಿಗೆ ಒಂದಿಷ್ಟು ಚುರುಕಾದಳು. “ಹೊಸದಾಗಿ ತುಂಬೋಕೆ ಆಗಲ್ವಾ?” ಎಂದಳು.

“ಆಗಲ್ಲಮ್ಮ. ಇರೋದನ್ನ ಉಳಿಸ್ಕೋಬೇಕು. ನೀರಲ್ಲಿ ನಡೀರಿ. ಎದೆಮಟ್ಟದ ನೀರು, ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ನೀರೊಳಗೆ ಭಾರ ಮಂಡಿ ಮೇಲೆ ಬೀಳಲ್ಲ, ಸುತ್ತಲಿನ ಸ್ನಾಯು ಗಟ್ಟಿಯಾಗುತ್ತೆ. ಮಾಡಿದ್ರೆ ಇನ್ನೂ ಎಷ್ಟೋ ವರ್ಷ ಕೆಲಸ ಮಾಡ್ತೀರಿ. ಮಾಡದಿದ್ರೆ ಒಂದೇ ವರ್ಷ, ಮಂಡಿಯೂರೋದನ್ನ ಮರ್ತುಬಿಡಿ.”

ಮಂಡಿಯೂರುವುದನ್ನು ಮರೆಯುವುದೆಂದರೆ ದಬ್ಬಣವನ್ನು ಮರೆಯುವುದು. ಮೇಜಿನ ಮೇಲೆ ಹಾಸಿಗೆ ಇಟ್ಟು, ನಿಂತುಕೊಂಡು ಹೊಲಿಯುವುದನ್ನು ಅವಳು ಒಮ್ಮೆ ಪ್ರಯತ್ನಿಸಿ ನೋಡಿದಳು. ತೋಳಿನ ಬಲವೊಂದೇ ಸಾಲಲಿಲ್ಲ, ಗುಳಿ ಅರ್ಧ ಆಳಕ್ಕೂ ಬೀಳಲಿಲ್ಲ. ಸಂಜೆಯ ಹೊತ್ತಿಗೆ ತಾನೇ ಹಾಕಿದ ನಲವತ್ತು ಗಂಟನ್ನೂ ತಾನೇ ಕತ್ತರಿಸಿ ಹಾಕಿ ಮನೆಗೆ ಬಂದಳು. ಹಾಗಾಗಿ ನೀರಿಗೆ ಹೋಗುವುದೆಂದು ತೀರ್ಮಾನವಾಯಿತು.

ಊರಿನ ಈಜುಕೊಳದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಹೆಂಗಸರ ಸಮಯ. ನಾನೇ ಹೋಗಿ ಅವಳಿಗೆ ಒಂದು ಈಜುಡುಗೆ ತಂದೆ. ಕಪ್ಪು ಬಣ್ಣದ್ದು, ತೊಡೆಯ ಅರ್ಧಕ್ಕೆ ನಿಲ್ಲುವಂಥದ್ದು. ಕೈಯಲ್ಲಿ ಹಿಡಿದು, “ಉಳಿದ ಬಟ್ಟೆ ಎಲ್ಲಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಆದರೆ ಹೋದಳು. ವಾರಕ್ಕೆ ನಾಲ್ಕು ದಿನ ತಪ್ಪದೆ ಚೀಲ ಹೆಗಲಿಗೇರಿಸಿ ಹೊರಟು, ಒದ್ದೆ ಕೂದಲಲ್ಲಿ ಕಾರ್ಖಾನೆಗೆ ಹೋಗುತ್ತಿದ್ದಳು. ಸಂಜೆ ನಾನು “ನೀರು ಹೇಗಿತ್ತು?” ಎಂದರೆ “ತಣ್ಣಗಿತ್ತು” ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮೂರು ತಿಂಗಳಾಯಿತು, ಮಂಡಿ ಇದ್ದಂತೆಯೇ ಇತ್ತು. ಆರು ತಿಂಗಳಾಯಿತು, ಇನ್ನೂ ಕೆಟ್ಟಿತು. ಮೆಟ್ಟಿಲಿಳಿಯುವಾಗ ಏಡಿಯ ಹಾಗೆ ಅಡ್ಡ ತಿರುಗಿ ಇಳಿಯತೊಡಗಿದಳು. ನಾನು ಮೂಳೆ ಡಾಕ್ಟರ ಮೇಲೆ ಹರಿಹಾಯ್ದೆ. ನೀರು ಸರಿಯಿಲ್ಲವೋ, ನಿಮ್ಮ ಓದು ಸರಿಯಿಲ್ಲವೋ ಎಂದು ಮುಖಕ್ಕೇ ಕೇಳಿದೆ. ನನ್ನ ಬಾಯಿ ಅಂಥದ್ದು, ಮೊದಲು ಹೊರಡುತ್ತದೆ, ಆಮೇಲೆ ಯೋಚಿಸುತ್ತದೆ. ಆ ಮನುಷ್ಯ ತಲೆ ಕೆರೆದುಕೊಂಡು, “ನೀರಿಗೆ ಇಳಿದ ಮಂಡಿ ಹೀಗಿರಲ್ಲ” ಎಂದಷ್ಟೇ ಹೇಳಿದರು. ಅತ್ತಿಗೆ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

ಏಳನೇ ತಿಂಗಳು ಕೊಳದ ಪ್ರವೇಶಚೀಟಿಯನ್ನು ನವೀಕರಿಸಲು ನಾನೇ ಹೋದೆ. ನೀರಿನ ಬದಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದ ಕಾವಲುಗಾತಿಯನ್ನು, ನಮ್ಮತ್ತಿಗೆ ನೀರಿನಲ್ಲಿ ಹೇಗೆ ನಡೆಯುತ್ತಾಳೆ ಎಂದು ವಿಚಾರಿಸಿದೆ.

“ಯಾರು, ಕುಂಟುತ್ತಾ ಬರ್ತಾರಲ್ಲ, ಅವ್ರಾ? ಅವರು ನೀರಿಗೆ ಇಳಿಯೋದೇ ಇಲ್ವಲ್ಲ! ಆ ಬೆಂಚಲ್ಲಿ ಅರ್ಧ ಗಂಟೆ ಕೂತ್ಕೊಂಡು ನೀರನ್ನೇ ನೋಡ್ತಾರೆ. ಆಮೇಲೆ ನಲ್ಲಿ ಕೆಳಗೆ ತಲೆ ನೆನೆಸ್ಕೊಂಡು ಹೊರಟುಬಿಡ್ತಾರೆ. ಭಯ ಇರಬೇಕು ಅಂತ ನಾನೇ ಒಂದಿನ ಕೈಹಿಡಿದು ಕರೆದೆ. ‘ಬೇಡಮ್ಮ, ನನ್ನಿಂದ ನಿಮಗೆಲ್ಲ ತೊಂದ್ರೆ ಆಗಬಾರದು’ ಅಂದ್ರು. ನನಗೇನೂ ಅರ್ಥ ಆಗಲಿಲ್ಲ.”

ನನ್ನ ಪಿತ್ತ ನೆತ್ತಿಗೇರಿತು. ಅಲ್ಲಿಂದ ನೆಟ್ಟಗೆ ಕಾರ್ಖಾನೆಗೆ ಹೋದೆ. ಉದ್ದನೆಯ ಕೋಣೆ, ಗಾಳಿಯಲ್ಲಿ ಹತ್ತಿಯ ಎಳೆಗಳು, ಮೂಗಿಗೆ ಬಟ್ಟೆ ಕಟ್ಟಿಕೊಂಡ ಆರೇಳು ಹೆಂಗಸರು. ಅತ್ತಿಗೆ ಒಂದು ಮಂಡಿಯನ್ನು ಮಾತ್ರ ಊರಿ, ಇನ್ನೊಂದು ಕಾಲನ್ನು ಪಕ್ಕಕ್ಕೆ ಚಾಚಿ, ಅರೆಬರೆ ಭಾರದಲ್ಲಿ ದಾರ ಎಳೆಯುತ್ತಿದ್ದಳು. ತೋಳು ಹಿಡಿದು ಎಬ್ಬಿಸಿ, ಬಟ್ಟೆಯ ಥಾನುಗಳನ್ನು ಒಟ್ಟಿದ್ದ ಒಳಕೋಣೆಗೆ ಕರೆದೊಯ್ದೆ.

“ಏಳು ತಿಂಗಳು ನಮ್ಮನ್ನೆಲ್ಲ ಮಂಗ ಮಾಡಿದೆಯಲ್ಲ ಅತ್ತಿಗೆ! ನಾಳೆ ಕಾಲು ಎತ್ತೋಕೆ ಆಗದೆ ಮೂಲೆ ಸೇರಿದ್ರೆ ಏನು ಮಾಡ್ತೀಯ? ಈ ದಬ್ಬಣ ಬಿಟ್ಟು ನಿನಗೆ ಒಂದು ದಿನ ಕಳೆಯೋಕೆ ಆಗುತ್ತಾ?”

ಅವಳು ಬಾಗಿಲ ಚಿಲಕ ಹಾಕಿ, ನನಗೆ ಬೆನ್ನು ತಿರುಗಿಸಿ ನಿಂತು ಉಟ್ಟ ಸೀರೆಯನ್ನು ತೊಡೆಯವರೆಗೆ ಎತ್ತಿದಳು. ಅತ್ತಿಗೆ ತೆಳ್ಳಗಿನ ಹೆಂಗಸು, ಮೈಮೇಲೆ ಹೆಚ್ಚಿನ ಮಾಂಸವಿಲ್ಲ. ತೊಡೆಯ ಹಿಂಭಾಗದಲ್ಲಿ ಅಲ್ಲಲ್ಲಿ ಚರ್ಮ ಒಳಕ್ಕೆ ಸೇದಿಕೊಂಡಂತೆ ಸಣ್ಣ ಸಣ್ಣ ತಗ್ಗುಗಳು, ನಡುನಡುವೆ ಉಬ್ಬು. ದಿನಕ್ಕೆ ಹತ್ತು ಬಾರಿ ಕ್ಲಿನಿಕ್ಕಿನಲ್ಲಿ ನಾನು ಕೇಳುವ, ಮಾತಾಡುವ ಸಂಗತಿ. ವೈದ್ಯರು ಸೆಲ್ಯುಲೈಟ್ ಎನ್ನುತ್ತಾರೆ.

“ನೋಡಿದೆಯಾ? ಈ ರೋಗ ಇಟ್ಕೊಂಡು ಹೇಗೆ ನೀರಿಗೆ ಇಳೀಲಿ?”

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವಳ ಮುಖ ಸಣ್ಣಗಾಯಿತು.

“ನಗ್ತೀಯಲ್ಲ. ಬರೆದೋಳು ನೀನೇ.” ದಾರದುಂಡೆಗಳ ಡಬ್ಬಿಯ ತಳದಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು. ನಮ್ಮ ಕ್ಲಿನಿಕ್ಕಿನ ಕರಪತ್ರ. ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಹತ್ತರಲ್ಲಿ ಎಂಟು ಹೆಂಗಸರಲ್ಲಿ ಹಬ್ಬಿರುವ ಗುಳಿರೋಗ. ನಿಮಗೂ ಇರಬಹುದು.’

“ನೀನು ಬರೆದಿದ್ದು ಅಂತ ಎರಡು ಸಲ ಓದಿದೆ. ಆಮೇಲೆ ಕನ್ನಡಿ ಹಿಡಿದು ನೋಡ್ಕೊಂಡೆ. ಇತ್ತು. ದಪ್ಪಗಿರೋರಿಗೆ ಬರೋದು ಅನ್ನೋಣ ಅಂದ್ರೆ ನಾನು ದಪ್ಪ ಇಲ್ಲ. ಹಬ್ಬಿದೆ ಅಂತ ನೀನೇ ಬರೆದಿದ್ದೀಯ, ಅಂದ್ರೆ ಎಲ್ಲಿಂದಲೋ ನನಗೂ ಹಬ್ಬಿರಬೇಕು. ಮಾರನೇ ದಿನ ಮೊದಲ್ನೇ ಸಲ ಕೊಳಕ್ಕೆ ಹೋದೆ. ಅಲ್ಲಿ ಬಾಗಿಲಲ್ಲೇ ಬೋರ್ಡು, ‘ಚರ್ಮರೋಗ ಇರುವವರು ನೀರಿಗೆ ಇಳಿಯಬಾರದು’ ಅಂತ. ಇಳಿದು ಇನ್ನೊಂದಿಷ್ಟು ಹೆಂಗಸರಿಗೆ ಅಂಟಿಸಲಾ?”

“ನನ್ನನ್ನ ಕೇಳಬಾರದಿತ್ತಾ?”

“ನಾಚಿಕೆ ಆಯ್ತು ಕಣೆ. ನಿಮ್ಮ ಕ್ಲಿನಿಕ್ಕಿಗೆ ಬರಬೇಕು ಬರಬೇಕು ಅಂತ ಅಂದ್ಕೊಂಡು ದಿನ ತಳ್ಳಿದೆ. ಮನೇಲಿ ಎಲ್ರೂ ಆಸೆ ಇಟ್ಕೊಂಡಿದ್ರಿ, ಅದಕ್ಕೆ ತಲೆ ನೆನೆಸ್ಕೊಂಡು ಬರ್ತಿದ್ದೆ.”

ಗುಳಿರೋಗ ಎಂಬ ಪದ ಯಾವ ನಿಘಂಟಿನಲ್ಲೂ ಇಲ್ಲ. ಅದನ್ನು ಕಟ್ಟಿದವಳು ನಾನು. ಸೆಲ್ಯುಲೈಟಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರು ಬೇಕೆಂದು ಮ್ಯಾನೇಜರು ಕೇಳಿದಾಗ ಮೊದಲು ‘ತೊಡೆಯ ಗುಳಿ’ ಎಂದು ಬರೆದುಕೊಟ್ಟಿದ್ದೆ. ಅವರು ಮೂಗು ಮುರಿದು, “ಇದನ್ನ ಓದಿ ಯಾರು ಫೋನ್ ಮಾಡ್ತಾರೆ? ಗುಳಿಕೆನ್ನೆ ಅಂದ ಹಾಗಿದೆ” ಎಂದರು. ಮಾತು ಸರಿಯೇ. ಕೆನ್ನೆಯಲ್ಲಿ ಗುಳಿ ಬಿದ್ದರೆ ಜನ ತಿರುಗಿ ನೋಡಿ ಮೆಚ್ಚುತ್ತಾರೆ. ಅದೇ ಗುಳಿ ತೊಡೆಯಲ್ಲಿ ಬಿದ್ದರೆ ಹೆದರಬೇಕು ಅಂದರೆ ಪಕ್ಕದಲ್ಲಿ ಒಂದು ‘ರೋಗ’ ಇರಬೇಕಲ್ಲ! ಒಂದೇ ಕ್ಷಣದಲ್ಲಿ ಸೇರಿಸಿಕೊಟ್ಟೆ. ಪದ ಕಟ್ಟಿದ ಜಂಬ ಬೇರೆ. ಆ ವಾರ ಫೋನು ಒಂದೇ ಸಮನೆ ಬಡಿದುಕೊಂಡಿತು, ಮ್ಯಾನೇಜರು ಎಲ್ಲರ ಮುಂದೆ ಹೊಗಳಿದರು. ನಾನು ಕರಪತ್ರದ ಒಂದು ಕಟ್ಟನ್ನೇ ಮನೆಗೆ ತಂದು ಅತ್ತಿಗೆಯ ಕೈಗಿಟ್ಟಿದ್ದೆ.

ಅಲ್ಲೇ ಆ ಒಳಕೋಣೆಯಲ್ಲೇ ನಿಜ ಹೇಳಬೇಕಿತ್ತು. ಪರರ ಮೇಲೆ ಹರಿಹಾಯುವಾಗ ಕತ್ತರಿಯಂತೆ ಆಡುವ ನಾಲಗೆ, ನನ್ನ ತಪ್ಪು ಹೇಳುವ ಹೊತ್ತಿಗೆ ಅಂಗುಳಕ್ಕೆ ಅಂಟಿಕೊಂಡಿತು. “ನಮ್ಮ ಡಾಕ್ಟರಮ್ಮನ್ನ ಒಂದು ಮಾತು ಕೇಳೋಣ ಬಾ” ಎಂದೆ, ಅಷ್ಟೇ.

ಮಾರನೆಯ ಮಧ್ಯಾಹ್ನ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ನಮ್ಮ ಡಾಕ್ಟರಮ್ಮ ಕೆಟ್ಟವರಲ್ಲ, ಅವಸರದವರು. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು.

“ಚರ್ಮದ ಕೆಳಗೆ ಕೊಬ್ಬಿನ ಪದರ ಇರುತ್ತೆ. ಅದರ ನಡುವೆ ನಾರಿನ ಎಳೆಗಳು ಚರ್ಮವನ್ನ ಒಳಗಿನ ಮಾಂಸಕ್ಕೆ ಕಟ್ಟಿ ಹಿಡಿದಿರ್ತವೆ. ಕೊಬ್ಬು ಮೇಲಕ್ಕೆ ಒತ್ತುತ್ತೆ, ಎಳೆ ಕೆಳಕ್ಕೆ ಎಳೆಯುತ್ತೆ. ಎಳೆ ಇದ್ದ ಕಡೆ...”

“ಗುಳಿ ಬೀಳುತ್ತೆ,” ಎಂದಳು ಅತ್ತಿಗೆ.

ಡಾಕ್ಟರಮ್ಮ ಮೊದಲ ಬಾರಿಗೆ ಅವಳನ್ನು ಸರಿಯಾಗಿ ನೋಡಿದರು. ಅತ್ತಿಗೆಯ ಕಣ್ಣಲ್ಲಿ ಕಾರ್ಖಾನೆಯಲ್ಲಿ ಕಾಣುವ ಹೊಳಪು ಬಂದಿತ್ತು. “ಹತ್ತಿ, ದಾರ, ಮೇಲೆ ಬಟ್ಟೆ. ನಮ್ಮ ಹಾಸಿಗೇನೇ ಅಲ್ವಾ? ಹಾಗಾದ್ರೆ ಗಂಡಸರಲ್ಲಿ ಯಾಕೆ ಕಾಣಲ್ಲ?”

“ನಿಮ್ಮ ದಾರ ನೆಟ್ಟಗೆ ಇಳಿದಿರುತ್ತೆ. ಅವರದು ಓರೆ ಓರೆಯಾಗಿ ಒಂದರ ಮೇಲೊಂದು ಹಾದಿರುತ್ತೆ, ಚರ್ಮಾನೂ ದಪ್ಪ. ಅದಕ್ಕೆ ಕೊಬ್ಬು ಉಬ್ಬಿ ಕಾಣೋದು ಕಮ್ಮಿ.”

“ಜಾಲದ ಹೊಲಿಗೆ,” ಎಂದು ಅತ್ತಿಗೆ ತಲೆಯಾಡಿಸಿದಳು. “ಮತ್ತೆ ನಾನು ತೆಳ್ಳಗಿದ್ದೀನಲ್ಲ?”

“ತೆಳ್ಳಗಿರೋರಿಗೂ ಇರುತ್ತೆ. ಮೈನೆರೆದ ಮೇಲೆ ಹೆಚ್ಚುಕಮ್ಮಿ ಎಲ್ಲ ಹೆಂಗಸರಿಗೂ ಬರೋದೇ. ವಯಸ್ಸಾಗ್ತಾ ಚರ್ಮ ತೆಳುವಾದ್ರೆ ಎದ್ದು ಕಾಣುತ್ತೆ. ಅಮ್ಮನಿಗಿದ್ರೆ ಮಗಳಿಗೂ ಇರಬಹುದು. ತೂಕ ಇಳಿಸಿದ್ರೆ ಕೆಲವರಿಗೆ ಕಮ್ಮಿ ಆಗುತ್ತೆ, ಕೆಲವರಿಗೆ ಚರ್ಮ ಸಡಿಲವಾಗಿ ಇನ್ನೂ ಜಾಸ್ತಿ ಕಾಣುತ್ತೆ.”

“ಇದನ್ನ ತೆಗೆಯೋಕೆ ಏನೇನು ಮಾಡ್ತೀರಿ?”

ಈ ಪ್ರಶ್ನೆಗೆ ನಮ್ಮ ಕ್ಲಿನಿಕ್ಕಿನಲ್ಲಿ ಸಿದ್ಧ ಉತ್ತರವೊಂದಿದೆ. ನಾನೇ ಬರೆದದ್ದು. ಡಾಕ್ಟರಮ್ಮ ಅದನ್ನೇ ಶುರುಮಾಡಿದರು, ಆದರೆ ಅತ್ತಿಗೆಯ ಮುಂದೆ ಅದು ನಡೆಯಲಿಲ್ಲ. ಮುಲಾಮು ಎಂದಾಗ, “ಬಟ್ಟೆ ಮೇಲೆ ಹಚ್ಚಿದ್ರೆ ಒಳಗಿನ ದಾರ ಸಡಿಲ ಆಗುತ್ತಾ?” ಎಂದು ಕೇಳಿದಳು. ಆಗುವುದಿಲ್ಲ, ಕಾಫಿಯ ಸತ್ವ ಇರುವ ಮುಲಾಮು ಚರ್ಮವನ್ನು ಒಂದಿಷ್ಟು ಹೊತ್ತು ಬಿಗಿ ಮಾಡುತ್ತದೆ, ಇನ್ನೊಂದು ಬಗೆಯದನ್ನು ಆರು ತಿಂಗಳು ಹಚ್ಚಿದರೆ ಚರ್ಮ ಕೊಂಚ ದಪ್ಪವಾಗಿ ಗುಳಿ ಮಸುಕಾಗಬಹುದು ಎಂದರು. ಉಜ್ಜುವುದು, ಉರುಳೆ ಹೊರಳಿಸುವುದು? ಒಂದೆರಡು ದಿನದ ಚೆಂದ. ಶಾಖದ ಯಂತ್ರ, ಶಬ್ದದ ಅಲೆಯ ಯಂತ್ರ? ಹಲವಾರು ಬಾರಿ ಮಾಡಿಸಿಕೊಂಡರೆ ಕೆಲವರಲ್ಲಿ ಫರಕು ಕಾಣುತ್ತದೆ, ಕೆಲವು ತಿಂಗಳು ಉಳಿಯುತ್ತದೆ, ಆಮೇಲೆ ಮತ್ತೆ ಮಾಡಿಸಬೇಕು. ಕೊಬ್ಬನ್ನು ಹೀರಿ ತೆಗೆಯುವುದು ಇದಕ್ಕಲ್ಲ, ಅದರಿಂದ ತಗ್ಗುದಿಣ್ಣೆ ಹೆಚ್ಚಾದರೂ ಆಗಬಹುದು.

“ಹೆಚ್ಚು ಕಾಲ ನಿಲ್ಲೋದು ಅಂದ್ರೆ ಒಂದೇ. ಜಾಗ ಮರಗಟ್ಟಿಸಿ, ಸಣ್ಣ ಸೂಜಿ ಒಳಗೆ ಹಾಕಿ, ಎಳೆಯೋ ನಾರನ್ನೇ ಕತ್ತರಿಸೋದು. ಎರಡು ಮೂರು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಉಳಿಯುತ್ತೆ. ಕೆಲವು ವಾರ ಕಂದಿರುತ್ತೆ, ನೋವಿರುತ್ತೆ.”

ಅತ್ತಿಗೆ ಯೋಚಿಸಿದಳು. “ದಾರ ಕತ್ತರಿಸಿದ್ರೆ ಹತ್ತಿ ಜರುಗಲ್ವಾ?”

ಡಾಕ್ಟರಮ್ಮ ನಕ್ಕರು. ಒಳ್ಳೆಯ ನಗು. “ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ ಕಣ್ರೀ. ಜಾಸ್ತಿ ಕತ್ತರಿಸಿದ್ರೆ ಅಲ್ಲಿ ಉಬ್ಬು ಬೀಳೋ ಸಾಧ್ಯತೆ ಇದೆ. ಅದಕ್ಕೇ ಆಳದ ಗುಳಿ ಮಾತ್ರ ಆರಿಸ್ಕೊಂಡು ಮಾಡ್ತೀವಿ. ಮಾಡಿಸ್ಲೇಬೇಕು ಅಂತೇನಿಲ್ಲ. ನೋಡೋಕೆ ಬೇಡ ಅನ್ನಿಸಿದ್ರೆ ಮಾತ್ರ. ಇದೇನೂ ರೋಗ ಅಲ್ಲವಲ್ಲ.”

“ರೋಗ ಅಲ್ವಾ?”

“ಅಲ್ಲ. ಯಾರ್ರೀ ನಿಮಗೆ ರೋಗ ಅಂದಿದ್ದು?”

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನನ್ನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಮೇಜನ್ನೇ ನೋಡುತ್ತ ಕೂತಳು. ಅವಳು ಹಾಗೆ ಸುಮ್ಮನೆ ಕೂತದ್ದೇ ನನಗೆ ಸಾಕಾಯಿತು.

“ನಾನು ಮೇಡಂ,” ಎಂದೆ. “ಗುಳಿರೋಗ ಅನ್ನೋ ಪದ ನಾನೇ ಕಟ್ಟಿದ್ದು. ರೋಗ ಅಲ್ಲ ಅಂತ ನನಗೆ ಗೊತ್ತಿತ್ತು. ಫೋನ್ ಬರಲಿ ಅಂತ ಸೇರಿಸ್ದೆ. ನೀವು ಸಹಿ ಹಾಕಿದ್ರಿ.” ಆಮೇಲೆ ಕೊಳದ ಬೋರ್ಡು, ಬೆಂಚು, ಒದ್ದೆ ಕೂದಲು, ಮಂಡಿ, ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ಕರಪತ್ರವನ್ನು ತರಿಸಿ ಬಹುಶಃ ಮೊದಲ ಬಾರಿಗೆ ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಗಾಯಿತು. ನನ್ನದು ಮೊದಲೇ ಆಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಪಕ್ಕ ಕೂತಳು. ಬೈಯಲಿ ಎಂದು ಕಾದೆ. ಮೂರು ನಿಲ್ದಾಣ ಕಳೆದ ಮೇಲೆ, “ಹಾಗಾದ್ರೆ ಇದು ಅಂಟೋದಿಲ್ಲ?” ಎಂದಳು.

“ಇಲ್ಲ ಅತ್ತಿಗೆ.”

“ಯಾರಿಗೂ? ಪಕ್ಕದಲ್ಲಿ ಮಲಗಿದೋರಿಗೂ?”

ಆಗ ಅವಳ ಮುಖ ನೋಡಿದೆ. ಕಣ್ಣು ತುಂಬಿತ್ತು. “ಏಳು ತಿಂಗಳಿಂದ ನಿಮ್ಮಣ್ಣನ ಪಕ್ಕ ಮಲಗಿಲ್ಲ ಕಣೆ. ಮಂಚ ಹತ್ತೋಕೆ ಮಂಡಿ ಬಿಡಲ್ಲ ಅಂತ ಹೇಳಿ ಹೊರಗೆ ಹಾಸ್ಕೊಂಡೆ. ಅವರು ಏನೂ ಕೇಳಲಿಲ್ಲ. ಒಂದೇ ಒಂದಿನ, ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಬಾಗಿಲಲ್ಲಿ ನಿಂತು, ‘ನನ್ನಿಂದ ಏನಾದ್ರೂ ತಪ್ಪಾಯ್ತೇನೆ?’ ಅಂದ್ರು. ಏನು ಹೇಳ್ಲಿ? ಇಲ್ಲ ಅಂದೆ. ನಂಬಲಿಲ್ಲ ಅನ್ಸುತ್ತೆ.”

ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಬಸ್ಸಿನ ಜನ ನೋಡುತ್ತಿದ್ದರು. ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಅವಳು ಒಂದು ಏಟು ಕೊಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತನ್ನ ಸೆರಗಿನಂಚು ಸಿಗದೆ ನನ್ನ ಕರವಸ್ತ್ರ ಕಿತ್ತುಕೊಂಡು ಮೊದಲು ನನ್ನ ಮೂಗು ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು.

“ನಿಮ್ಮಣ್ಣ ಮದುವೆಗೆ ಮುಂಚೆ ನನ್ನ ಕೆನ್ನೆ ಗುಳಿ ನೋಡಿ ಬಿದ್ದಿದ್ರಂತೆ,” ಎಂದಳು ಮೂಗೆಳೆಯುತ್ತ. “ಹೋಗಿ ಹೇಳ್ತೀನಿ, ಅಷ್ಟು ಸಾಲದಿದ್ರೆ ಇನ್ನೂ ಒಂದಿಷ್ಟು ಇವೆ ಅಂತ.”

ನಾರು ಕತ್ತರಿಸುವ ಚಿಕಿತ್ಸೆಯನ್ನು ಬೇಡವೆಂದಳು. ಅದರಲ್ಲಿ ಹಟವೂ ಇರಲಿಲ್ಲ, ಉಪದೇಶವೂ ಇರಲಿಲ್ಲ. ಕಂದಿದ್ದು ಮಾಯುವವರೆಗೆ ನೀರಿಗೆ ಇಳಿಯುವಂತಿಲ್ಲ, ಅಷ್ಟು ವಾರ ತನ್ನ ಮಂಡಿ ಕಾಯುವುದಿಲ್ಲ ಎಂಬುದು ಅವಳ ಲೆಕ್ಕ. “ಬೇಕು ಅನ್ನೋರು ಮಾಡಿಸ್ಕೊಳ್ಲಿ. ತಪ್ಪೇನು? ನನಗಂತೂ ಅದರ ಮೇಲೆ ಕೂರೋದೇ ಕೆಲಸ, ನೋಡೋದು ಯಾವಾಗ?” ಎಂದಳು. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಆ ಕರಪತ್ರವನ್ನು ನಿಲ್ಲಿಸಿದರು. ಹೊಸ ಪದ ಯೋಚಿಸಿ ಎಂದಾಗ ನಾನು ಮೊದಲಿನ ‘ತೊಡೆಯ ಗುಳಿ’ಯನ್ನೇ ಬರೆದುಕೊಟ್ಟೆ. ಮ್ಯಾನೇಜರು ಈಗ ನನ್ನ ಜೊತೆ ಅಷ್ಟಾಗಿ ಮಾತಾಡುವುದಿಲ್ಲ.

ಆ ವಾರವೇ ನಾನೂ ಅವಳ ಜೊತೆ ಕೊಳಕ್ಕೆ ಹೋದೆ. ಜೀವಮಾನದಲ್ಲಿ ಈಜುಡುಗೆ ತೊಟ್ಟವಳಲ್ಲ ನಾನು. ಅಷ್ಟು ಹೆಂಗಸರಿಗೆ ಅವರವರ ತೊಡೆಯ ಬಗ್ಗೆ ಬುದ್ಧಿ ಹೇಳಿದವಳು, ನನ್ನದನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಅತ್ತಿಗೆ ನನ್ನನ್ನು ಹಿಡಿದು ತಿರುಗಿಸಿ, ಹಾಸಿಗೆ ಪರೀಕ್ಷಿಸುವ ಕಣ್ಣಲ್ಲೇ ನೋಡಿ, “ನಿಂದು ಒತ್ತೊತ್ತಾದ ಹೊಲಿಗೆ. ಒಳ್ಳೆ ಕೈಯಲ್ಲಿ ಆಗಿದೆ” ಎಂದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು.

ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ನೀರು ಎದೆಯ ಮಟ್ಟಕ್ಕೆ ಬಂದಾಗ ನಿಂತು, ಒಂದು ಕಾಲೆತ್ತಿ ನೋಡಿದಳು, ಇನ್ನೊಂದನ್ನು ಎತ್ತಿ ನೋಡಿದಳು. ಆಮೇಲೆ ನಡೆಯತೊಡಗಿದಳು. ಈಗ ನಾಲ್ಕು ತಿಂಗಳಾಯಿತು, ಒಂದು ದಿನವೂ ತಪ್ಪಿಸಿಲ್ಲ. ಮಂಡಿ ಸುಧಾರಿಸಿದೆ, ಮೆಟ್ಟಿಲನ್ನು ನೆಟ್ಟಗೆ ಇಳಿಯುತ್ತಾಳೆ. ಆದರೆ ಆ ಏಳು ತಿಂಗಳಲ್ಲಿ ಸವೆದದ್ದು ಸವೆದೇ ಹೋಯಿತು, ಅದು ಇನ್ನು ಬರುವುದಿಲ್ಲ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಇನ್ನು ಮುಂದೆ ದಿನಕ್ಕೆ ಅರ್ಧ ಹೊತ್ತು ಮಾತ್ರ ದಬ್ಬಣ ಹಿಡಿಯಬೇಕು. ಉಳಿದರ್ಧ ಹೊತ್ತು ಕುರ್ಚಿಯಲ್ಲಿ ಕೂತು ಬೇರೆಯವರ ಗಂಟು ನೋಡುವುದು.

ಹೋದ ವಾರ ನೀರಿನಿಂದ ಮೇಲೆ ಬಂದು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಇಬ್ಬರೂ ಕೂತಿದ್ದೆವು. ಅವಳ ಅರ್ಧ ಕೆಲಸ ನನ್ನಿಂದ ಹೋಯಿತೆಂಬುದನ್ನು ನಾನು ಅವತ್ತೂ ಎತ್ತಿದೆ, ಕ್ಷಮಿಸು ಎಂದೆ. ಅದು ಎಷ್ಟನೇ ಸಲವೋ. ಅವಳು ಕೈ ಬೀಸಿ ಆ ಮಾತನ್ನು ಪಕ್ಕಕ್ಕೆ ತಳ್ಳಿದಳು. ಕೊಳದಲ್ಲಿ ಆ ಹೊತ್ತಿಗೆ ನಾಲ್ಕೈದು ಹೆಂಗಸರಿದ್ದರು. ಅವರನ್ನೇ ಸ್ವಲ್ಪ ಹೊತ್ತು ನೋಡಿದಳು.

“ಆ ಕಾಗದ ಎಷ್ಟು ಹಂಚಿದ್ರಿ?”

“ಆರು ಸಾವಿರ.”

ಅವಳು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀವುತ್ತ ಕೂತಳು. ಆಮೇಲೆ ಕೇಳಿದಳು. ಬೈಗುಳದ ದನಿಯಲ್ಲ ಅದು, ಅರ್ಥವಾಗದ ಪದ ಬಂದಾಗ ಓದುವುದನ್ನು ನಿಲ್ಲಿಸಿ ಕೇಳುತ್ತಾಳಲ್ಲ, ಆ ದನಿ.

“ನನಗೆ ನೀನಿದ್ದೆ ಹುಡುಗಿ, ಬಂದು ಜಗಳ ಆಡಿದೆ. ಅವರಿಗೆಲ್ಲ ಯಾರು ಹೇಳ್ತಾರೆ?”